ಬೀಟ್‌ರೂಟ್ ಯಾಕೆ ನಿಲ್ಲಲ್ಲ, ಅಡಿಕೆ ಚೊಗರು ಯಾಕೆ ನಿಲ್ಲತ್ತೆ: ಬಟ್ಟೆಗೆ ಗಿಡದ ಬಣ್ಣ, ಓದುಗರ ಪ್ರಶ್ನೆಗಳು

ಮನೇಲೇ ಬಟ್ಟೆಗೆ ಗಿಡದ ಬಣ್ಣ ಹಾಕೋದರ ಬಗ್ಗೆ ಪ್ರಶ್ನೆ ಇದ್ರೆ ಕಳಿಸಿ ಅಂತ ಹೋದ ತಿಂಗಳು ಕೇಳಿದ್ದಕ್ಕೆ ತುಂಬಾ ಜನ ಬರೆದಿದೀರ, ಖುಷಿ ಆಯ್ತು. ಎಲ್ಲದಕ್ಕೂ ಇಲ್ಲಿ ಜಾಗ ಸಾಲಲ್ಲ, ಒಂದೇ ತರದ್ದನ್ನ ಸೇರಿಸಿ ಒಂದಕ್ಕೆ ಉತ್ತರ ಕೊಟ್ಟಿದೀನಿ. ಹೆಚ್ಚುಕಮ್ಮಿ ಎಲ್ಲರೂ ಯಾವ ಹೂವು, ಯಾವ ಎಲೆ ಅಂತಾನೇ ಕೇಳಿದೀರ, ಬಟ್ಟೆಯನ್ನ ಹೇಗೆ ತಯಾರು ಮಾಡ್ಬೇಕು ಅಂತ ಕೇಳಿದವರು ತೀರಾ ಕಮ್ಮಿ, ಆದ್ರೆ ಬಣ್ಣ ಕೆಡೋದು ಬಹಳ ಸಲ ಅಲ್ಲೇ, ಬಣ್ಣದ ಪಾತ್ರೆ ಒಲೆ ಮೇಲೆ ಇಡೋಕೂ ಮುಂಚೆ. ಹಾಗಾಗಿ ಆ ಮಾತು ಉತ್ತರಗಳಲ್ಲಿ ಮತ್ತೆ ಮತ್ತೆ ಬರತ್ತೆ, ಬೇಜಾರು ಮಾಡ್ಕೋಬೇಡಿ.

ಮೇಡಂ, ವಿಡಿಯೋ ನೋಡಿ ಬೀಟ್‌ರೂಟ್ ಕುದಿಸಿ ಒಂದು ಬಿಳಿ ಕಾಟನ್ ದುಪಟ್ಟಾಗೆ ಬಣ್ಣ ಹಾಕಿದೆ. ಉಪ್ಪು, ವಿನೆಗರ್ ಎರಡೂ ಹಾಕಿದ್ದೆ. ಒಣಗಿದಾಗ ಚೆಂದದ ಪಿಂಕ್ ಇತ್ತು, ಒಂದೇ ಒಗೆತಕ್ಕೆ ಎಲ್ಲಾ ಹೋಯ್ತು. ಎಲ್ಲಿ ತಪ್ಪಿತು? — ಗೃಹಿಣಿ, ದಾವಣಗೆರೆ

ನಿಮ್ಮ ಕೈಯಲ್ಲಿ ತಪ್ಪಿಲ್ಲ, ಬೀಟ್‌ರೂಟಿನ ಗುಣನೇ ಅದು. ಅದರಲ್ಲಿರೋ ಕೆಂಪು ಪದಾರ್ಥ ನೀರಲ್ಲಿ ಸಲೀಸಾಗಿ ಕರಗತ್ತೆ, ಬಿಸಿಲಿಗೂ ಬಿಸಿಗೂ ಒಡೆದು ಹೋಗತ್ತೆ, ಬಟ್ಟೆ ನೂಲನ್ನ ಹಿಡ್ಕೊಳ್ಳೋ ಶಕ್ತಿ ಅದಕ್ಕಿಲ್ಲ. ದಾಸವಾಳ, ಕೆಂಪು ಎಲೆಕೋಸು, ನೇರಳೆಹಣ್ಣು, ಶಂಖಪುಷ್ಪ ಇವೆಲ್ಲ ಪಾತ್ರೆಯಲ್ಲಿ ನೋಡಿದ್ರೆ ಕಣ್ಣು ತುಂಬೋ ಹಾಗಿರತ್ತೆ ಆದ್ರೆ ಬಟ್ಟೆ ಮೇಲೆ ಬಾಳಿಕೆ ಬರಲ್ಲ. ಇದನ್ನ ಯಾರೂ ವಿಡಿಯೋದಲ್ಲಿ ಹೇಳಲ್ಲ ಯಾಕಂದ್ರೆ ವಿಡಿಯೋ ಮುಗಿಯೋದು ಬಟ್ಟೆ ಒಣಗಿದ ಕೂಡಲೇ.

ಉಪ್ಪು, ವಿನೆಗರ್ ವಿಷಯ. ಕೆಮಿಕಲ್ ಡೈ ಪ್ಯಾಕೆಟ್ ಮೇಲೆ ಉಪ್ಪು ಹಾಕಿ ಅಂತ ಇರತ್ತೆ, ಅದು ಆ ಬಣ್ಣಗಳಿಗೆ ಸರಿ, ಉಣ್ಣೆ ರೇಷ್ಮೆಗೆ ಹಾಕೋ ಆಸಿಡ್ ಡೈಗಳಿಗೆ ವಿನೆಗರ್ ಸರಿ, ಆ ಅಭ್ಯಾಸ ಹಾಗೇ ಗಿಡದ ಬಣ್ಣಕ್ಕೂ ಬಂದುಬಿಟ್ಟಿದೆ. ಇಲ್ಲಿ ಕೆಲಸ ಮಾಡೋದು ಪಟಿಕ. ಪಟಿಕದಲ್ಲಿ ಅಲ್ಯೂಮಿನಿಯಂ ಇದೆ, ಅದು ಒಂದು ಕಡೆ ನೂಲನ್ನ ಹಿಡಿಯತ್ತೆ ಇನ್ನೊಂದು ಕಡೆ ಬಣ್ಣವನ್ನ ಹಿಡಿಯತ್ತೆ, ಇಂಥ ಕೆಲಸ ಮಾಡೋ ಪದಾರ್ಥಕ್ಕೆ ಮಾರ್ಡೆಂಟ್ ಅಂತಾರೆ. ಆದ್ರೆ ಬೀಟ್‌ರೂಟ್ ಪಟಿಕಕ್ಕೂ ಸರಿಯಾಗಿ ಕೂರಲ್ಲ, ಹಾಗಾಗಿ ಅದನ್ನ ಪಲ್ಯಕ್ಕೇ ಬಿಡಿ.

ನಿಲ್ಲೋ ಬಣ್ಣ ಬೇಕಂದ್ರೆ ದಾಳಿಂಬೆ ಸಿಪ್ಪೆ, ಈರುಳ್ಳಿ ಸಿಪ್ಪೆ, ಚೆಂಡುಹೂವು, ಕಾಚು, ಹಲಸಿನ ಮರದ ಚಕ್ಕೆ, ಇವುಗಳಿಂದ ಶುರು ಮಾಡಿ. ನಿಮಗೆ ಪಿಂಕೇ ಬೇಕಲ್ವಾ, ಅದಕ್ಕೆ ಮಂಜಿಷ್ಠ ಬೇರು, ಗ್ರಂಧಿಗೆ ಅಂಗಡೀಲಿ ಸಿಗತ್ತೆ. ಕಮ್ಮಿ ಹಾಕಿದ್ರೆ ತಿಳಿ ಗುಲಾಬಿ, ಜಾಸ್ತಿ ಹಾಕಿದ್ರೆ ಇಟ್ಟಿಗೆ ಕೆಂಪು, ಆದ್ರೆ ತಳಮಳ ಕುದಿಸ್ಬೇಡಿ, ಕೈ ತಾಳದಷ್ಟು ಬಿಸಿಯಲ್ಲಿ ಒಂದು ಗಂಟೆ ಇಟ್ರೆ ಸಾಕು, ಕುದಿಸಿದ್ರೆ ಕೆಂಪು ಹೋಗಿ ಕಂದು ಮುಂದೆ ಬರತ್ತೆ. ಮಂಜಿಷ್ಠ ಜಾತಿಯ ಬೇರುಗಳ ಕೆಂಪು ಎಷ್ಟು ಗಟ್ಟಿ ಅಂದ್ರೆ ಮೊಹೆಂಜೊದಾರೊದಲ್ಲಿ ಸಿಕ್ಕಿದ ನಾಲ್ಕು ಸಾವಿರ ವರ್ಷದಷ್ಟು ಹಳೇ ಹತ್ತಿಬಟ್ಟೆ ಚೂರಲ್ಲಿ ಅದನ್ನ ಗುರುತಿಸಿದಾರೆ.

ಅರಿಶಿನದ ಬಗ್ಗೆ ಇನ್ನೂ ಕೆಲವರು ಕೇಳಿದೀರ. ಅದು ಹತ್ತಿಗೆ ತಾನಾಗೇ ಹತ್ತತ್ತೆ, ಒಗೆತಕ್ಕೂ ಅಷ್ಟು ಬೇಗ ಹೋಗಲ್ಲ (ಮಸಾಲೆ ಕಲೆ ಆದ ಬಿಳಿ ಅಂಗಿ ಇದ್ದವರಿಗೆ ಗೊತ್ತು), ಆದ್ರೆ ಬಿಸಿಲಿಗೆ ಸೋಲತ್ತೆ. ಮತ್ತೆ ಆರತಿ ತಟ್ಟೇಲಿ ಅರಿಶಿನದ ನೀರಿಗೆ ಸುಣ್ಣ ಹಾಕಿದ್ರೆ ಕೆಂಪಾಗತ್ತಲ್ಲ, ಸೋಪಿನ ಪುಡಿ ತಾಗಿದಾಗ ಬಟ್ಟೆ ಮೇಲೂ ಅದೇ ಆಗತ್ತೆ.

ನಮ್ಮ ಹಾಸ್ಟೆಲ್‌ನಲ್ಲಿ ಆಯುಧಪೂಜೆ ಆದ್ಮೇಲೆ ಮೂಟೆಗಟ್ಟಲೆ ಚೆಂಡುಹೂವು ಕಸಕ್ಕೆ ಹೋಗತ್ತೆ. ಅದರಲ್ಲಿ ಕಾಟನ್ ಬಟ್ಟೆಗೆ ಬಣ್ಣ ಹಾಕೋ ವಿಧಾನ ಅಳತೆ ಸಮೇತ ತಿಳಿಸಿ ಪ್ಲೀಸ್. — ವಿದ್ಯಾರ್ಥಿನಿ, ತುಮಕೂರು

ಈ ಪ್ರಶ್ನೆಗೆ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಯಾಕಂದ್ರೆ ಹೂವು ಬದಲಾದ್ರೂ ಬಟ್ಟೆ ತಯಾರಿ ಬದಲಾಗಲ್ಲ, ಇದನ್ನ ಕಲಿತ್ರೆ ಮಿಕ್ಕಿದ್ದಕ್ಕೆಲ್ಲ ಇದೇ ದಾರಿ. ಅಳತೆ ಎಲ್ಲಾ ಒಣಬಟ್ಟೆಯ ತೂಕಕ್ಕೆ, ನೀರಿನ ಅಳತೆಗಲ್ಲ. ಅರ್ಧ ಕೆಜಿ ಬಟ್ಟೆ ಅಂತ ಇಟ್ಕೊಳ್ಳಿ.

ಮೊದ್ಲು ಬಟ್ಟೆ ಒಗೀಬೇಕು, ಸುಮ್ನೆ ನೀರಲ್ಲಿ ಅಲ್ಲ. ಅಂಗಡಿಯಿಂದ ಬಂದ ಬಟ್ಟೆಗೆ ಗಂಜಿ ಇರತ್ತೆ, ಕೋರಾ ಬಟ್ಟೆ ಆದ್ರೆ ಹತ್ತಿಯದ್ದೇ ಮೇಣ ಎಣ್ಣೆ ಇರತ್ತೆ, ಅದು ಹೋಗದೆ ಬಣ್ಣ ಒಳಗೆ ಇಳಿಯಲ್ಲ, ಪಟ್ಟೆಪಟ್ಟೆಯಾಗಿ ಕೂರತ್ತೆ. ಹತ್ತು ಗ್ರಾಂ ವಾಷಿಂಗ್ ಸೋಡಾ, ಸ್ವಲ್ಪ ಸಾದಾ ಸೋಪು ಹಾಕಿದ ನೀರಲ್ಲಿ ಒಂದು ಗಂಟೆ ಕುದಿಸಿ. ನೀರು ಟೀ ಬಣ್ಣಕ್ಕೆ ತಿರುಗತ್ತೆ, ಅಷ್ಟು ಕೊಳೆ ಇತ್ತಾ ಅಂತ ಆಶ್ಚರ್ಯ ಆಗತ್ತೆ. ತುಂಬಾ ಕೋರಾ ಆದ್ರೆ ಎರಡನೇ ಸಲನೂ ಮಾಡಿ. ಆಮೇಲೆ ಒಣಬಟ್ಟೆ ಮೇಲೆ ಒಂದು ಹನಿ ನೀರು ಹಾಕಿ ನೋಡಿ, ಕೂಡಲೇ ಹೀರ್ಕೊಂಡ್ರೆ ತಯಾರು, ಹನಿ ಮಣಿಯಂತೆ ನಿಂತ್ರೆ ಇನ್ನೂ ಆಗಿಲ್ಲ.

ಎರಡನೇದು ಅಳಲೆಕಾಯಿ. ಹತ್ತಿಗೆ ಪಟಿಕವನ್ನ ನೇರವಾಗಿ ಹಿಡ್ಕೊಳ್ಳೋ ಶಕ್ತಿ ಕಮ್ಮಿ, ಅಳಲೆಕಾಯಿಯಲ್ಲಿರೋ ಚೊಗರು, ಅಂದ್ರೆ ಟ್ಯಾನಿನ್, ಮೊದಲು ಹತ್ತಿಗೆ ಕೂತು ಆಮೇಲೆ ಪಟಿಕವನ್ನ ಹಿಡಿಯತ್ತೆ. ಬೀಜ ತೆಗೆದು ಪುಡಿ ಮಾಡಿದ ಅಳಲೆಕಾಯಿ ನೂರು ಗ್ರಾಂ ಬಿಸಿನೀರಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಸೋಸಿ, ಬಟ್ಟೆ ಮುಳುಗೋವಷ್ಟು ನೀರು ಸೇರಿಸಿ ಒಂದೆರಡು ಗಂಟೆ ಅದರಲ್ಲಿ ಬಿಡಿ, ಆಗಾಗ ಕೈಯಾಡಿಸ್ತಾ ಇರಿ. ಹಿಂಡಿ ನೆರಳಲ್ಲಿ ಒಣಗಿಸಿ, ಇಲ್ಲಿ ತೊಳೀಬೇಡಿ. ಬಟ್ಟೆ ತಿಳಿ ಕೆನೆಹಳದಿ ಆಗಿರತ್ತೆ.

ಮೂರನೇದು ಪಟಿಕ, ಇದೂ ನೂರು ಗ್ರಾಂ ಹತ್ತಿರ, ಅಂದ್ರೆ ಬಟ್ಟೆ ತೂಕದ ನೂರಕ್ಕೆ 15ರಿಂದ 20. ಬಿಸಿನೀರಲ್ಲಿ ಪೂರ್ತಿ ಕರಗಿಸಿ, ಬಟ್ಟೆ ಹಾಕಿ, ಒಂದು ಗಂಟೆ ಬಿಸಿ ಮಾಡಿ, ಹಾಗೇ ರಾತ್ರಿ ಬಿಟ್ಬಿಡಿ. ಬೆಳಿಗ್ಗೆ ಒಂದು ಸಲ ಹಗುರಕ್ಕೆ ಅಲಬಿ. ಅಲಬದೇ ಹಾಕಿದ್ರೆ ಬಟ್ಟೆ ಮೇಲೆ ಸುಮ್ನೆ ಕೂತಿರೋ ಪಟಿಕ ಪಾತ್ರೆಗೆ ಇಳಿದು ಬಣ್ಣವೆಲ್ಲ ನೀರಲ್ಲೇ ಹಿಡಿದುಬಿಡತ್ತೆ.

ಆಮೇಲೆ ಹೂವು, ಇದೇ ಎಲ್ಲಕ್ಕಿಂತ ಸುಲಭದ ಭಾಗ. ಹಸಿ ಹೂವಾದ್ರೆ ಬಟ್ಟೆ ತೂಕದ ಎರಡರಷ್ಟು, ಒಣಗಿದ್ದಾದ್ರೆ ಸಮಸಮ. ಹಸಿರು ತೊಟ್ಟು ತೆಗೆದು ಎಸಳು ಮಾತ್ರ ಹಾಕಿದ್ರೆ ಹಳದಿ ತಿಳಿಯಾಗಿ ಬರತ್ತೆ. ಒಂದು ಗಂಟೆ ಕಾಯಿಸಿ ಸೋಸಿ ಆ ನೀರಿಗೆ ಬಟ್ಟೆ ಹಾಕಿ ಮುಕ್ಕಾಲು ಗಂಟೆ ಬಿಸಿ ಇಡಿ, ಕೈಯಾಡಿಸೋದು ನಿಲ್ಲಿಸ್ಬೇಡಿ, ಮಡಿಕೆ ಬಿದ್ದ ಕಡೆ ಗೆರೆ ಉಳ್ಕೊಳ್ಳತ್ತೆ. ಪಾತ್ರೇಲೇ ತಣ್ಣಗಾಗಲಿ. ಒಣಗಿಸಿ, ನಾಲ್ಕೈದು ದಿನ ಹಾಗೇ ಇಟ್ಟು ಆಮೇಲೆ ಒಗೀರಿ.

ಇದೇ ಹಳದಿ ಬಟ್ಟೆಯ ಅರ್ಧ ಭಾಗವನ್ನ ಅನ್ನಭೇದಿ (ಕಬ್ಬಿಣದ ಲವಣ, ಫೆರಸ್ ಸಲ್ಫೇಟ್) ನೀರಲ್ಲಿ ಐದು ನಿಮಿಷ ಅದ್ದಿ ನೋಡಿ, ಕಣ್ಣೆದುರೇ ಪಾಚಿ ಹಸಿರಿಗೆ ತಿರುಗತ್ತೆ. ಅನ್ನಭೇದಿ ಅರ್ಧ ಕೆಜಿ ಬಟ್ಟೆಗೆ ಐದರಿಂದ ಹತ್ತು ಗ್ರಾಂ ದಾಟಬಾರದು, ಕಬ್ಬಿಣ ಜಾಸ್ತಿ ಆದ್ರೆ ನೂಲೇ ಸವೆದು ಹೋಗತ್ತೆ, ಹಳೇ ಕಾಲದ ಬಟ್ಟೆಗಳಲ್ಲಿ ಕಪ್ಪು ಇದ್ದ ಜಾಗ ಮಾತ್ರ ಜೀರ್ಣವಾಗಿರೋದು ಇದಕ್ಕೇ. ಪಾತ್ರೆ ಸ್ಟೀಲಿಂದೇ ಇರಲಿ, ಕಬ್ಬಿಣದ ಬಾಣಲೇಲಿ ಹಳದಿ ಮಂಕಾಗತ್ತೆ. ಮತ್ತೆ ಆ ಪಾತ್ರೆ ಚಮಚ ಯಾವುದೂ ಅಡುಗೆಗೆ ವಾಪಸ್ ಹೋಗಬಾರದು, ಹಾಸ್ಟೆಲ್ ಅಂತೀರಲ್ಲ, ಅದಕ್ಕೇ ಒತ್ತಿ ಹೇಳ್ತಿದೀನಿ.

ನಮ್ಮದು ಅಡಿಕೆ ತೋಟ. ಕೆಂಪಡಿಕೆ ಮಾಡುವಾಗ ಉಳಿಯುವ ಚೊಗರನ್ನ ಬಟ್ಟೆ ಬಣ್ಣಕ್ಕೆ ಬಳಸ್ತಾರಂತೆ, ಹೌದಾ? ನಾವೇ ಮನೇಲಿ ಮಾಡಬಹುದಾ? — ಕೃಷಿಕರು, ಸಾಗರ ತಾಲೂಕು

ಹೌದು, ಅದೂ ನಿಮ್ಮ ಮಗ್ಗುಲಲ್ಲೇ. ಹೆಗ್ಗೋಡಿನ ಭೀಮನಕೋಣೆಯಲ್ಲಿರೋ ಚರಕ ಮಹಿಳಾ ಸಹಕಾರ ಸಂಘದವರು ಕೈಮಗ್ಗದ ಹತ್ತಿಬಟ್ಟೆಗೆ ಹಾಕೋ ಬಣ್ಣಗಳಲ್ಲಿ ಚೊಗರೂ ಒಂದು. ರಂಗಕರ್ಮಿ ಪ್ರಸನ್ನ ಅವರು ಊರಿನ ಹೆಣ್ಣುಮಕ್ಕಳ ಜೊತೆ ಕಟ್ಟಿದ ಸಂಸ್ಥೆ ಅದು, ಒಂದು ಸಲ ಹೋಗಿ ನೋಡಿ ಬನ್ನಿ, ನಾನು ಬರೆದದ್ದನ್ನ ಹತ್ತು ಸಲ ಓದೋದಕ್ಕಿಂತ ಅಲ್ಲಿ ಒಂದು ಸಲ ನೋಡೋದು ಮೇಲು.

ಮನೇಲೂ ಖಂಡಿತಾ ಆಗತ್ತೆ, ನಿಮಗೆ ಮಿಕ್ಕವರಿಗಿಂತ ಸುಲಭ. ಸುಲಿದ ಹಸಿ ಅಡಿಕೆ ಬೇಯಿಸಿ ಬೇಯಿಸಿ ಗಟ್ಟಿಯಾದ ಆ ನೀರು ಪೂರ್ತಿ ಟ್ಯಾನಿನ್, ಅಂದ್ರೆ ಮೇಲೆ ಅಳಲೆಕಾಯಿ ಹಾಕಿ ಮಾಡೋ ಕೆಲಸವನ್ನ ಚೊಗರು ತಾನೇ ಮಾಡ್ಕೊಳ್ಳತ್ತೆ, ಬಣ್ಣನೂ ಅದೇ, ಹಿಡಿತನೂ ಅದೇ. ಬೀಟ್‌ರೂಟ್ ಹೋಗಿ ಚೊಗರು ಉಳಿಯೋದಕ್ಕೆ ಕಾರಣ ಇದು. ತೋಟದವರು ಯಾರಿಗೂ ಇದು ಹೊಸ ವಿಷಯ ಅಲ್ಲ, ಅಡಿಕೆ ಸುಲಿದ ಕೈ, ಚೊಗರು ಬಿದ್ದ ಪಂಚೆ ಎಷ್ಟು ಉಜ್ಜಿದ್ರೂ ಬಿಳಿ ಆಗಲ್ಲ.

ಗಟ್ಟಿ ಚೊಗರನ್ನ ಬಿಸಿನೀರಲ್ಲಿ ಕದಡಿ, ತೆಳು ಬಟ್ಟೆಯಲ್ಲಿ ಸೋಸಿ, ಚೆನ್ನಾಗಿ ಒಗೆದ ಹತ್ತಿಬಟ್ಟೆಯನ್ನ ಅದರಲ್ಲಿ ಒಂದು ಗಂಟೆ ಹದವಾಗಿ ಕಾಯಿಸಿ. ಪಟಿಕಕ್ಕೆ ಹೋದ್ರೆ ಗುಲಾಬಿ ಕಡೆ ಒಲಿಯೋ ಕಂದು, ಅನ್ನಭೇದಿಗೆ ಹೋದ್ರೆ ಬೂದು ಅಥವಾ ಕಾಫಿ ಕಪ್ಪು, ಸುಣ್ಣದ ತಿಳಿನೀರಿಗೆ ಹೋದ್ರೆ ಕೆಂಪು ಹೆಚ್ಚಾಗತ್ತೆ (ಎಲೆ ಅಡಿಕೆ ಬಾಯಲ್ಲಿ ಕೆಂಪಾಗೋದೂ ಸುಣ್ಣದಿಂದಲೇ). ಒಂದೇ ಪಾತ್ರೆಯ ಚೊಗರಿಂದ ಮೂರು ಬಣ್ಣ ತೆಗೀಬಹುದು ಅಂತಾಯ್ತು. ಗಟ್ಟಿಯಾಗಿ ಅಂಟು ಅಂಟಾಗಿರೋದನ್ನ ಮುಚ್ಚಿದ ಡಬ್ಬೀಲಿ ಇಟ್ರೆ ಬಹಳ ದಿನ ಇರತ್ತೆ, ನೀರು ನೀರಾಗಿದ್ರೆ ಬೂಷ್ಟು ಬರತ್ತೆ. ಮಾರಾಟದ ಯೋಚನೆ ಇದ್ರೆ ಒಂದು ವಿಷಯ: ಕೊಳ್ಳೋರು ಪ್ರತಿಸಲ ಒಂದೇ ಗಟ್ಟಿತನ ಕೇಳ್ತಾರೆ, ಸೀಸನ್ನಿನ ಮೊದಲ ಬೇಯಿಸೋದಕ್ಕೂ ಕೊನೆಯದಕ್ಕೂ ವ್ಯತ್ಯಾಸ ಇರತ್ತೆ, ಹಾಗಾಗಿ ಬೇರೆ ಬೇರೆ ಡಬ್ಬಿಗೆ ತುಂಬಿ ದಿನಾಂಕ ಬರೆದಿಡಿ.

ನಮಸ್ಕಾರ್ರೀ. ನಮ್ಮ ಮನ್ಯಾಗ ಮೊದ್ಲಿಂದ ನೇಕಾರಿಕೆ ಐತಿ. ನಮ್ಮವ್ವ ಹೇಳ್ತಾಳ, ಅವರ ಅಜ್ಜನ ಕಾಲಕ್ಕ ನೂಲಿಗೆ ಗಿಡದ ಬಣ್ಣನ ಹಾಕ್ತಿದ್ರಂತ. ಹಂಗಾರ ಅದು ಯಾಕ ಬಿಟ್ರು, ಮತ್ತ ಈಗ ಹಾಕಾಕ ಬರ್ತೈತೇನ್ರಿ? — ನೇಕಾರ ಮಹಿಳೆ, ಇಳಕಲ್

ನಿಮ್ಮ ಅವ್ವ ಹೇಳಿದ್ದು ನಿಜ ಅಕ್ಕಾರ. 1856ಕ್ಕೆ ಮುಂಚೆ ಜಗತ್ತಲ್ಲಿ ಎಲ್ಲೇ ಆಗಲಿ ನೂಲಿಗೆ ಬಣ್ಣ ಅಂದ್ರೆ ಬಹುಮಟ್ಟಿಗೆ ಗಿಡ, ಹುಳ, ಮಣ್ಣು, ಲೋಹ ಇಷ್ಟರಿಂದಲೇ. ಆ ವರ್ಷ ಲಂಡನ್ನಿನಲ್ಲಿ ಪರ್ಕಿನ್ ಅನ್ನೋ 18 ವರ್ಷದ ಹುಡುಗ ಮಲೇರಿಯಾ ಔಷಧಿ ಮಾಡೋಕೆ ಹೋಗಿ ಡಾಂಬರಿಂದ ಬರೋ ಪದಾರ್ಥದಲ್ಲಿ ನೇರಳೆ ಬಣ್ಣ ಕಂಡ. ಅಲ್ಲಿಂದ ಮುಂದೆ ಬಹಳ ವೇಗವಾಗಿ ಆಯ್ತು. ಮಂಜಿಷ್ಠ ಜಾತಿಯ ಬೇರಿನ ಕೆಂಪು ಅಲಿಝರಿನ್ ಅನ್ನೋದನ್ನ 1868ರಲ್ಲಿ ಜರ್ಮನಿಯವರು ಲ್ಯಾಬಿನಲ್ಲಿ ಮಾಡಿದ್ರು, ಫ್ಯಾಕ್ಟರೀಲಿ ಮಾಡಿದ ಇಂಡಿಗೊ ನೀಲಿಯನ್ನ 1897ರಲ್ಲಿ ಬಿಎಎಸ್ಎಫ್ ಕಂಪನಿ ಮಾರ್ಕೆಟ್ಟಿಗೆ ತಂತು. ಬೇರು ಅಗೆದು, ಒಣಗಿಸಿ, ಕುಟ್ಟಿ, ವಾರಗಟ್ಟಲೆ ನೂಲು ತಯಾರು ಮಾಡೋ ಜಾಗದಲ್ಲಿ ಒಂದು ಡಬ್ಬಿ ಪುಡಿ ಬಂದು ಕೂತಿತು, ಪ್ರತಿ ಸಲ ಒಂದೇ ಬಣ್ಣ, ಅರ್ಧ ದಿನದ ಕೆಲಸ. ಕೂಲಿ ನಂಬಿ ನೇಯೋರು ಅದನ್ನ ಆರಿಸಿದ್ದು ತಪ್ಪು ಅಂತ ಯಾರೂ ಹೇಳೋ ಹಾಗಿಲ್ಲ. ಆದ್ರೆ ಅದರ ಜೊತೆ ಬಣ್ಣಗಾರರ ಕೈಯಲ್ಲಿದ್ದ ವಿದ್ಯೆ ಹೋಯ್ತಲ್ಲ, ಆ ನಷ್ಟಕ್ಕೆ ಯಾರೂ ಲೆಕ್ಕ ಇಟ್ಟಿಲ್ಲ, ಅದೇ ನನಗೆ ಸಂಕಟ. ಹಾಗಾಗಿ ಮೊದಲ ಕೆಲಸ, ನಿಮ್ಮ ಅವ್ವಗೆ ಏನೇನು ನೆನಪಿದೆ, ಯಾವ ಬೇರು, ಯಾವ ತೊಗಟೆ, ಎಲ್ಲಿಂದ ತರ್ತಿದ್ರು, ಏನು ಹೆಸರಲ್ಲಿ ಕರೀತಿದ್ರು, ಎಲ್ಲಾ ಫೋನಿನಲ್ಲಿ ರೆಕಾರ್ಡ್ ಮಾಡಿ ಇಟ್ಕೊಳ್ರಿ.

ಈಗ ಹಾಕಾಕ ಬರ್ತೈತಿ. ನೀವು ನೇಕಾರರಾದ್ದರಿಂದ ಸೀರೆಗೆ ಅಲ್ಲ, ಲಡಿಯಲ್ಲೇ ನೂಲಿಗೆ ಹಾಕ್ಬೇಕು. ಟೋಪ್ ತೆನಿ ಸೆರಗಿನ ರೇಷ್ಮೆಯಿಂದ ಶುರು ಮಾಡಿ, ಯಾಕಂದ್ರೆ ರೇಷ್ಮೆ ಪ್ರಾಣಿಮೂಲದ ನೂಲು, ಪಟಿಕವನ್ನ ತಾನೇ ಹಿಡ್ಕೊಳ್ಳತ್ತೆ, ಅಳಲೆಕಾಯಿ ಬೇಕಾಗಲ್ಲ. ತೂಕದ ನೂರಕ್ಕೆ 10ರಿಂದ 15 ಪಟಿಕ ಸಾಕು, ಕುದಿ ಬರಿಸ್ಬೇಡಿ, ಹೊಳಪು ಹೋಗತ್ತೆ. ಸೆರಗಿನ ಕೆಂಪಿಗೆ ಮಂಜಿಷ್ಠ ಅಥವಾ ಅರಗು, ಎರಡೂ ರೇಷ್ಮೆ ಮೇಲೆ ಸೊಗಸಾಗಿ ಕೂರತ್ತೆ. ಒಡಲಿನ ಹತ್ತಿ ನೂಲಿಗೆ ದಾಳಿಂಬೆ ಸಿಪ್ಪೆ ಹಾಕಿ, ದಾಳಿಂಬೆ ನಿಮ್ಮ ಬಾಗಲಕೋಟೆ, ಕೊಪ್ಪಳ ಭಾಗದಲ್ಲೇ ಬೆಳೆಯತ್ತೆ, ಪಟಿಕದ ಜೊತೆ ಹಳದಿ, ಅನ್ನಭೇದಿ ಜೊತೆ ಕಡು ಬೂದು. ಒಂದು ಎಚ್ಚರ, ಒಂದು ಸೀರೆಗೆ ಬೇಕಾದ ಪೂರ್ತಿ ನೂಲನ್ನ ಒಂದೇ ಸಲ ಒಂದೇ ಪಾತ್ರೇಲಿ ಅದ್ದಿ, ಅರ್ಧ ಇವತ್ತು ಅರ್ಧ ನಾಳೆ ಅಂದ್ರೆ ಬಣ್ಣ ಕೂಡಲ್ಲ, ಮಗ್ಗದ ಮೇಲೆ ಗೆರೆ ಎದ್ದು ಕಾಣತ್ತೆ.

ಮನೇಲಿ ಇಂಡಿಗೊ ಮಾಡೋಕೆ ಆಗತ್ತಾ? ಪೌಡರ್ ತರಿಸಿ ನೀರಲ್ಲಿ ಹಾಕಿದ್ರೆ ಕರಗಲೇ ಇಲ್ಲ, ಅಡಿಯಲ್ಲಿ ಕೆಸರು ತರ ಕೂತಿದೆ. ಡೂಪ್ಲಿಕೇಟಾ? — ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಡೂಪ್ಲಿಕೇಟ್ ಅಲ್ಲ, ನೀಲಿ, ಅಂದ್ರೆ ಇಂಡಿಗೊ, ನೀರಲ್ಲಿ ಕರಗೋದೇ ಇಲ್ಲ. ಮಿಕ್ಕ ಎಲ್ಲಾ ಬಣ್ಣಕ್ಕಿಂತ ಇದರ ದಾರಿ ಪೂರ್ತಿ ಬೇರೆ, ಮಾರ್ಡೆಂಟೂ ಬೇಡ, ಕುದಿಸೋದೂ ಬೇಡ. ಅದರಲ್ಲಿರೋ ಆಮ್ಲಜನಕದ ಹಿಡಿತ ಬಿಡಿಸಿದ್ರೆ ಮಾತ್ರ ಅದು ಕರಗೋ ರೂಪಕ್ಕೆ ಬರತ್ತೆ, ಆಗ ನೀರು ನೀಲಿ ಇರಲ್ಲ, ಹಳದಿ ಹಸಿರು ಇರತ್ತೆ. ಆ ನೀರಲ್ಲಿ ಅದ್ದಿದ ಬಟ್ಟೆ ಹೊರಗೆ ತೆಗೆದಾಗ ಹಸಿರಾಗಿದ್ದು, ಗಾಳಿ ತಾಗ್ತಾ ತಾಗ್ತಾ ನೋಡ್ತಾ ಇದ್ದ ಹಾಗೇ ನೀಲಿ ಆಗತ್ತೆ. ಎಷ್ಟು ಸಲ ನೋಡಿದ್ರೂ ನನಗೆ ಅದು ಬೇಸರ ಬಂದಿಲ್ಲ.

ಮನೆಗೆ ಸುಲಭದ್ದು 1-2-3 ಅಳತೆ, ಫ್ರಾನ್ಸಿನ ಮಿಶೆಲ್ ಗಾರ್ಸಿಯಾ ಅನ್ನೋರು ಎಲ್ಲಾ ಕಡೆ ಹೇಳಿಕೊಟ್ಟದ್ದು. ನೀಲಿ ಪುಡಿ ಒಂದು ಪಾಲು, ಎಲೆಗೆ ಹಚ್ಚೋ ಸುಣ್ಣ ಇದೆಯಲ್ಲ ಆ ಜಾತಿಯ ಸುಣ್ಣದ ಪುಡಿ ಎರಡು ಪಾಲು, ಹಣ್ಣಿನ ಸಕ್ಕರೆ ಅಂದ್ರೆ ಫ್ರಕ್ಟೋಸ್ ಮೂರು ಪಾಲು. ಹತ್ತು ಲೀಟರ್ ಬಕೆಟ್ಟಿಗೆ 50 ಗ್ರಾಂ, 100 ಗ್ರಾಂ, 150 ಗ್ರಾಂ. ಪುಡಿಯನ್ನ ಮೊದಲು ಸ್ವಲ್ಪ ಬಿಸಿನೀರಲ್ಲಿ ನುಣ್ಣಗೆ ಅರೀಬೇಕು, ಆಮೇಲೆ ಬಿಸಿನೀರಿಗೆ ಮೂರನ್ನೂ ಹಾಕಿ ನಿಧಾನಕ್ಕೆ ತಿರುವಿ ಮುಚ್ಚಿಡಿ. ಮೇಲೆ ತಾಮ್ರದ ಹೊಳಪಿನ ಪದರ, ನೀಲಿ ನೊರೆ, ಕೆಳಗೆ ಕಂದು ಹಸಿರು ನೀರು ಕಂಡ್ರೆ ತಯಾರಾಯ್ತು. ಫ್ರಕ್ಟೋಸ್ ಬದಲು ಬೆಲ್ಲ, ಚೆನ್ನಾಗಿ ಕಳಿತ ಬಾಳೆಹಣ್ಣು ಬೇಯಿಸಿದ ನೀರು ಕೂಡ ಆಗತ್ತೆ, ಸ್ವಲ್ಪ ಜಾಸ್ತಿ ಬೇಕು, ಸಮಯನೂ ಜಾಸ್ತಿ. ಸುಣ್ಣ ಕೈ ಸುಡತ್ತೆ, ಗ್ಲೌಸ್ ಹಾಕದೇ ಕೈ ಇಡ್ಬೇಡಿ. ಕಡು ನೀಲಿಗೆ ಒಂದೇ ಸಲ ಅರ್ಧ ಗಂಟೆ ಅದ್ದಿಡೋದಲ್ಲ, ಐದೈದು ನಿಮಿಷ ಅದ್ದಿ, ಗಾಳಿಗೆ ಹಿಡಿದು, ಮತ್ತೆ ಅದ್ದಿ. ಹಳೇ ಪದ್ಧತಿಯಲ್ಲಿ ದಕ್ಷಿಣ ಭಾರತದವರು ತಗಚೆ ಬೀಜ ಬೇಯಿಸಿ ಹಾಕಿ ಮಡಕೆಗಳಲ್ಲಿ ಹುಳಿ ಬರಿಸ್ತಿದ್ರು, ಅದು ದಿನಾ ನೋಡ್ಕೊಳ್ಳಬೇಕಾದ ಕೆಲಸ, ನಿಮ್ಮ ಡ್ಯೂಟಿ ಮಧ್ಯೆ ಕಷ್ಟ.

ಅಸಲಿ ನಕಲಿ ವಿಷಯಕ್ಕೆ ಬಂದ್ರೆ ಗಿಡದ ನೀಲಿಯಲ್ಲೂ ಫ್ಯಾಕ್ಟರಿ ನೀಲಿಯಲ್ಲೂ ಮುಖ್ಯ ಪದಾರ್ಥ ಒಂದೇ, ಬಟ್ಟೆ ಮೇಲೆ ಕಣ್ಣಲ್ಲಿ ನೋಡಿ ಹೇಳೋಕೆ ಆಗಲ್ಲ. ತಮಿಳುನಾಡಿನ ತಿಂಡಿವನಂ, ಆಂಧ್ರದ ಕಡಪ ಕಡೆ ಈಗಲೂ ನೀಲಿ ಗಿಡ ಬೆಳೀತಾರೆ, ಬೆಳೆಯೋರ ಹೆಸರು ಊರು ಹೇಳೋ ಮಾರಾಟಗಾರರ ಹತ್ರ ತಗೊಳ್ಳಿ. ಬೆಳೆಗಾರರಿಗೆ ಸರಿಯಾದ ದುಡ್ಡು ಹೋಗ್ತಿದ್ಯಾ ಅಂತ ಕೇಳೋದೂ ಮುಖ್ಯ ಅಂತ ನನಗನಿಸತ್ತೆ. ಬಿಹಾರದ ಚಂಪಾರಣದಲ್ಲಿ ರೈತರ ಜಮೀನಿನ 20 ಕಟ್ಟಾಗೆ (ಕಟ್ಟಾ ಅಂದ್ರೆ ಅಲ್ಲಿನ ಜಮೀನಿನ ಅಳತೆ) 3 ಕಟ್ಟಾ ಕಡ್ಡಾಯ ನೀಲಿ ಬೆಳೀಬೇಕಿತ್ತು, 1917ರಲ್ಲಿ ಗಾಂಧೀಜಿ ಹೋಗಿದ್ದು ಅದಕ್ಕೇ, ಮರುವರ್ಷ ಆ ಪದ್ಧತಿ ಕಾನೂನಿನಿಂದ ಹೋಯ್ತು. ಗಿಡದ್ದು ಅಂದ ಮಾತ್ರಕ್ಕೆ ಅದರ ಹಿಂದೆ ಅನ್ಯಾಯ ಇರಲ್ಲ ಅಂತ ಅಲ್ಲ.

ಹಸಿರು ಬಣ್ಣಕ್ಕೆ ಮೈಲುತುತ್ತ ಹಾಕಿ, ಅದೂ ನ್ಯಾಚುರಲ್ಲೇ ಅಂತ ಒಬ್ಬರು ಹೇಳಿದ್ರು. ಮಕ್ಕಳ ಬಟ್ಟೆಗೆ ಹಾಕಬಹುದಾ? — ತಾಯಿ, ಪುತ್ತೂರು

ಬೇಡ. ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವಾಗ ಸುಣ್ಣದ ಜೊತೆ ಹಾಕೋದು ಇದೇ ಮೈಲುತುತ್ತ, ಅಂದ್ರೆ ತಾಮ್ರದ ಸಲ್ಫೇಟ್, ಶಿಲೀಂಧ್ರ ಕೊಲ್ಲೋ ಪದಾರ್ಥ. ಬಟ್ಟೆಗಿಂತ ದೊಡ್ಡ ಚಿಂತೆ ಉಳಿದ ನೀರಿನದ್ದು, ಬಚ್ಚಲಿಂದ ತೋಡಿಗೆ ಹೋದ್ರೆ ಮೀನಿಗೆ ವಿಷ. ಇನ್ನೂ ಕೆಲವರು ಕ್ರೋಮ್ ಹೇಳ್ತಾರೆ, ಕಿತ್ತಳೆ ಹರಳು, ಅದು ಕ್ಯಾನ್ಸರ್ ತರೋದು, ಮನೆಯೊಳಗೇ ತರಬೇಡಿ. ಪಟಿಕ, ಸ್ವಲ್ಪ ಅನ್ನಭೇದಿ, ಅಳಲೆಕಾಯಿ ಈ ಮೂರರಲ್ಲೇ ಒಂದು ಜೀವಮಾನಕ್ಕಾಗೋವಷ್ಟು ಬಣ್ಣ ಇದೆ. ಹಸಿರು ಬೇಕಾ, ಮೊದಲು ನೀಲಿ ಅದ್ದಿ ಅದರ ಮೇಲೆ ಚೆಂಡುಹೂವಿನ ಅಥವಾ ದಾಳಿಂಬೆಯ ಹಳದಿ ಹಾಕಿ, ಹಿಂದೆಲ್ಲ ಹಸಿರು ಮಾಡ್ತಿದ್ದದ್ದೇ ಹಾಗೆ. ಎಲೆ ಅರೆದು ಹಚ್ಚಿದ ಹಸಿರು ನಿಲ್ಲಲ್ಲ, ಅದನ್ನೂ ಇಲ್ಲೇ ಹೇಳ್ಬಿಡ್ತೀನಿ.

ನಮ್ಮ ಬೋರ್‌ವೆಲ್ ನೀರಲ್ಲಿ ಹಳದಿ ಯಾವತ್ತೂ ಮಂಕು. ಅದೇ ಹೂವು, ಅದೇ ಬಟ್ಟೆ ತಂಗಿ ಮನೇಲಿ ಮಾಡಿದ್ರೆ ಚೆನ್ನಾಗಿ ಬರತ್ತೆ. — ಕೋಲಾರ

ನೀರಲ್ಲಿ ಕಬ್ಬಿಣದ ಅಂಶ ಇರಬಹುದು, ಅದು ಅನ್ನಭೇದಿ ಮಾಡೋ ಕೆಲಸವನ್ನೇ ಕದ್ದು ಮಾಡ್ತಾ ಇರತ್ತೆ. ಪರೀಕ್ಷೆಗೆ ಒಂದು ಲೋಟ ನೀರಿಗೆ ಅಳಲೆಕಾಯಿ ಕಷಾಯ ಹಾಕಿ ನೋಡಿ, ಕಪ್ಪಗೆ ತಿರುಗಿದ್ರೆ ಕಬ್ಬಿಣ ಇದೆ ಅಂತ ಲೆಕ್ಕ. ಹಳದಿಗೆ ಮಳೆನೀರು ಹಿಡಿದಿಟ್ಟು ಬಳಸಿ. ಕಬ್ಬಿಣ ಇಲ್ಲದೆ ಬರೀ ಗಡಸು ಅಂದ್ರೆ ಮಂಜಿಷ್ಠಕ್ಕೆ ಒಳ್ಳೇದೇ, ಸುಣ್ಣದ ಅಂಶಕ್ಕೆ ಅದರ ಕೆಂಪು ಚೆನ್ನಾಗಿ ಏಳತ್ತೆ.

ಮಗಳು ನ್ಯಾಚುರಲ್ ಡೈ ಸೀರೆ ಕೊಡಿಸಿದಾಳೆ, ಬೆಲೆ ಜಾಸ್ತಿ, ಒಗೆಯೋಕೆ ಭಯ. ನಿಂಬೆಹುಳಿ ಬಿದ್ದ ಕಡೆ ಒಂದು ಚುಕ್ಕೆ ಬೇರೆ ಆಗಿದೆ. — ನಿವೃತ್ತ ಶಿಕ್ಷಕಿ, ಮೈಸೂರು

ಭಯ ಬೇಡ ಅಮ್ಮ, ಉಟ್ಟು ಒಗೆಯೋಕೇ ಮಾಡಿರೋ ಸೀರೆ ಅದು. ಅಂಟುವಾಳ ಕಾಯಿ ನೆನೆಸಿದ ನೀರು, ಇಲ್ಲಾ ಕೂದಲಿಗೆ ಹಾಕೋ ಸಾದಾ ಶಾಂಪೂ ನಾಲ್ಕು ಹನಿ, ತಣ್ಣೀರು, ಬೇರೆಯಾಗಿ ಒಗೀರಿ, ತುಂಬಾ ಹೊತ್ತು ನೆನೆಸ್ಬೇಡಿ, ನೆರಳಲ್ಲಿ ಒಳಮೈ ಹೊರಗೆ ಮಾಡಿ ಒಣಗಿಸಿ. ಬಟ್ಟೆ ಸೋಪಿನ ಪುಡೀಲಿ ಕ್ಷಾರ ಜಾಸ್ತಿ, ಅದು ಬೇಡ, ಕಲೆ ತೆಗೆಯೋಕೆ ನಿಂಬೆ ಅಡುಗೆ ಸೋಡಾ ಎರಡೂ ಬೇಡ. ಗಿಡದ ಬಣ್ಣಗಳು ಹುಳಿಗೂ ಕ್ಷಾರಕ್ಕೂ ಬದಲಾಗತ್ತೆ, ಕಬ್ಬಿಣದಿಂದ ಬಂದ ಬೂದು ಕಪ್ಪಂತೂ ನಿಂಬೆ ತಾಗಿದ ಕಡೆ ಎದ್ದೇ ಹೋಗತ್ತೆ. ಚುಕ್ಕೆ ಬೂದು ಬಣ್ಣದ ಮೇಲೆ ಆಗಿದ್ರೆ ವಾಪಸ್ ತರೋದು ಕಷ್ಟ, ಬೇರೆ ಬಣ್ಣ ಆದ್ರೆ ತಣ್ಣೀರಲ್ಲಿ ಅಲಬಿ ನೋಡಿ, ಕೆಲವು ಸಲ ತಿರುಗಿ ಬರತ್ತೆ.

ಎಲ್ಲಾ ನೀವು ಹೇಳಿದ ಹಾಗೇ ಮಾಡಿದೆ, ಬಟ್ಟೆ ಬಣ್ಣ ಹಿಡೀಲೇ ಇಲ್ಲ. — ಕಲಬುರಗಿ

ಬಟ್ಟೆಯ ಅಂಚಿಂದ ನಾಲ್ಕು ಎಳೆ ನೂಲು ತೆಗೆದು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಕಾಗದದ ವಾಸನೆ ಬಂದು ಬೂದಿ ಆದ್ರೆ ಹತ್ತಿ, ಕೂದಲು ಸುಟ್ಟ ವಾಸನೆ ಬಂದ್ರೆ ರೇಷ್ಮೆ ಅಥವಾ ಉಣ್ಣೆ, ಕರಗಿ ಗಟ್ಟಿ ಗುಂಡಾದ್ರೆ ಪಾಲಿಯೆಸ್ಟರ್. ನಿಮ್ಮದು ಮೂರನೇದೇ ಇರಬೇಕು, ಅದಕ್ಕೆ ಗಿಡದ ಬಣ್ಣ ಹಿಡಿಯಲ್ಲ. ಈಗ ಕಾಟನ್ ಅಂತ ಮಾರೋದ್ರಲ್ಲಿ ಎಷ್ಟೋ ಮಿಕ್ಸ್ ಇರತ್ತೆ, ಖಾದಿ ಭಂಡಾರದ ಹತ್ತಿಬಟ್ಟೆ ತಗೊಂಡು ಇನ್ನೊಂದು ಸಲ ಮಾಡಿ.

ಸರ್ಕಾರಿ ಶಾಲೆ ಮಕ್ಕಳ ಕೈಲಿ ಗಿಡದ ಬಣ್ಣ ಮಾಡಿಸ್ಬೇಕು ಅಂತಿದೀನಿ. ಖರ್ಚಿಲ್ಲದೆ, ಅಪಾಯ ಇಲ್ಲದೆ ಏನು ಮಾಡಿಸಬಹುದು? — ಶಿಕ್ಷಕರು, ಹಾವೇರಿ ಜಿಲ್ಲೆ

ಎಷ್ಟು ಒಳ್ಳೇ ಯೋಚನೆ ಸರ್. ಬಿಸಿಯೂಟದ ಅಡುಗೆಮನೆಯವರಿಗೆ ಈರುಳ್ಳಿಯ ಒಣಸಿಪ್ಪೆ ಎಸೀಬೇಡಿ ಅಂತ ಹೇಳಿಡಿ, ಒಂದು ವಾರದಲ್ಲಿ ಚೀಲ ತುಂಬತ್ತೆ. ಬಿಳಿ ಹತ್ತಿ ದಾರ ಅಥವಾ ಕರ್ಚೀಫಿನಷ್ಟು ಬಟ್ಟೆ ಸಾಕು. ಒಗೆದು ಕುದಿಸಿ ಪಟಿಕದಲ್ಲಿ ರಾತ್ರಿ ನೆನೆಸೋ ಕೆಲಸ ನೀವು ಮಾಡಿ, ಸಿಪ್ಪೆ ಕುದಿಯೋದನ್ನ ದೂರದಿಂದ ನೋಡ್ಲಿ, ಬೆಚ್ಚಗಾದ್ಮೇಲೆ ಅದ್ದೋದು ಮಕ್ಕಳು. ಕಿತ್ತಳೆ ಹಳದಿ ಬರತ್ತೆ. ಪಟಿಕ ಹಾಕದ ಒಂದು ತುಂಡನ್ನೂ ಜೊತೆಗೇ ಅದ್ದಿಸಿ, ಎರಡನ್ನೂ ಒಗೆಸಿ, ಆಮೇಲೆ ಅರ್ಧ ಭಾಗಕ್ಕೆ ರಟ್ಟು ಮುಚ್ಚಿ ಎರಡು ವಾರ ಬಿಸಿಲಿನ ಕಿಟಕಿಗೆ ಅಂಟಿಸಿ, ಯಾವುದು ಎಷ್ಟು ಉಳೀತು ಅಂತ ಮಕ್ಕಳೇ ಬರೀಲಿ. ತೇಗದ ಮರ ಹತ್ರ ಇದ್ರೆ ಎಳೇ ಎಲೆ ಅಂಗೈಯಲ್ಲಿ ಉಜ್ಜಿಸಿ, ಕೆಂಪು ಬರೋದನ್ನ ನೋಡಿ ಮೊದಲ ದಿನವೇ ಎಲ್ಲರೂ ಎದ್ದು ನಿಲ್ತಾರೆ. ಅರಿಶಿನ ಹಚ್ಚಿದ ಕಾಗದದ ಮೇಲೆ ಸೋಪಿನ ನೀರಲ್ಲಿ ಹೆಸರು ಬರೆದ್ರೆ ಕೆಂಪಾಗತ್ತೆ, ಮೇಲೆ ನಿಂಬೆರಸ ಹಾಕಿದ್ರೆ ಮತ್ತೆ ಹಳದಿ, ಅದನ್ನೂ ಮಾಡಿಸಿ. ಸುಣ್ಣ, ಅನ್ನಭೇದಿ ಮಾತ್ರ ಮಕ್ಕಳ ಕೈಗೆ ಕೊಡಬೇಡಿ.